ಐನಾಪುರದ ಅಂಡಮಾನ್

ಹಲ್ಲು ಸಡಿಲಿದ್ದವನು ಕಡಲೆಗೆ ಕೈಹಾಕಬಾರದು, ನಾಲಿಗೆ ಸಡಿಲಿದ್ದವನು ನಾಲ್ಕು ಮಂದಿಯ ನಡುವೆ ಕೂತು ಚಹಾ ಕುಡಿಯಬಾರದು. ನಮ್ಮ ದೇವೀಂದ್ರಪ್ಪನ ಹಲ್ಲು ಗಟ್ಟಿ. ನಾಲಿಗೆಯದೇ ತೊಂದರೆ.

ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ನಾವಿಬ್ಬರೂ ಗುಮಾಸ್ತರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮೂರನೆಯ ಮನೆ ಟಿಕೆಟ್ ತಪಾಸಣೆಯ ರಮೇಶಕುಮಾರನದು. ಈ ರಮೇಶಕುಮಾರ ಹೋದ ವರ್ಷ ಗೋವಾಕ್ಕೆ ಹೋಗಿ ಬಂದ. ಹೋಗಿದ್ದು ನಾಲ್ಕು ದಿನ, ಹೇಳಿದ್ದು ವರ್ಷವಿಡೀ. ಚಹಾದಲ್ಲಿ ಸಕ್ಕರೆ ಕಡಿಮೆ ಎಂದರೆ ಗೋವಾ, ಸೊಳ್ಳೆ ಕಚ್ಚಿದರೆ ಗೋವಾ. ಒಂದು ಸಂಜೆ ದೇವೀಂದ್ರಪ್ಪನ ಮನೆಯಲ್ಲೇ ಕೂತು, ಅವನ ಹೆಂಡತಿ ಸುಜಾತಾ ಚಹಾ ತಂದಿಡುವ ಹೊತ್ತಿಗೆ ಸರಿಯಾಗಿ, ಸಮುದ್ರ ನೋಡದವರ ಜನ್ಮ ಜನ್ಮವೇ ಅಲ್ಲ ಎಂದುಬಿಟ್ಟ. ಸುಜಾತಾ ಮದುವೆಯಾದಂದಿನಿಂದ ಸಮುದ್ರ ತೋರಿಸಿ ಎಂದು ಗಂಡನನ್ನು ಕೇಳುತ್ತ ಬಂದವಳು. ಅವಳ ಮುಖ ಸಣ್ಣದಾಯಿತು. ದೇವೀಂದ್ರಪ್ಪ ಅದನ್ನು ನೋಡಿದ, ನೋಡಿದವನು ಸುಮ್ಮನಿರಬಾರದೇ?

"ಗೋವಾ ಏನ್ ಬಿಡ್ರಿ, ದಂಡಿ ಸಮುದ್ರ. ನಾವು ನಡು ಸಮುದ್ರದಾಗ ಅಂಡಮಾನಕ್ಕ ಹೊಂಟೀವಿ" ಎಂದ.

ಮಾತು ಆಡಿದ ಮರುಗಳಿಗೆಗೆ ಅವನು ಬಸಿಯ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡದ್ದನ್ನು ಪಕ್ಕದಲ್ಲಿ ಕೂತಿದ್ದ ನಾನೊಬ್ಬನೇ ನೋಡಿದೆ. ಯಾಕೆಂದರೆ ಈ ಗಿರಾಕಿಗೆ ನೀರೆಂದರೆ ಅಂಜಿಕೆ. ಅವರದು ಕಾಗಿಣಾ ದಂಡೆಯ ಮನೆತನ. ಸೇತುವೆ ಆಗುವ ಮೊದಲು ಅವರಜ್ಜ ತುಂಬಿದ ಹೊಳೆಯಲ್ಲಿ ಹರಗೋಲು ಹಾಕಿ ಊರಿಗೆ ಊರನ್ನೇ ದಾಟಿಸಿದವನು. ಮೊಮ್ಮಗ ಮಾತ್ರ ಬಕೆಟ್ ತುಂಬಿದ್ದರೆ ಅರ್ಧ ಚೆಲ್ಲಿ ಸ್ನಾನಕ್ಕೆ ಕೂರುವವನು. ವಿಮಾನವೆಂದರೆ ಅದಕ್ಕೂ ಹೆಚ್ಚು. ಆದರೆ ಅಷ್ಟರಲ್ಲಿ ಸುಜಾತಾ ಒಳಗೆ ಓಡಿಹೋಗಿ ಅತ್ತೆ ಅಂಬುಬಾಯಿಗೆ ಹೇಳಿಯಾಗಿತ್ತು, ಅಂಬುಬಾಯಿ ಹಿತ್ತಲ ಬಾಗಿಲಿನಿಂದ ನಮ್ಮ ಮನೆಯವಳಿಗೆ ಹೇಳಿಯಾಗಿತ್ತು. ನಮ್ಮ ಮನೆಯವಳಿಗೆ ಹೇಳಿದ ಮೇಲೆ ಭೋಂಗಾ ಊದಿಸುವ ಅಗತ್ಯವಿರುವುದಿಲ್ಲ. ಕತ್ತಲಾಗುವುದರೊಳಗೆ ಕ್ವಾರ್ಟರ್ಸಿನ ಕೊನೆಯ ಸಾಲಿಗೂ ಸುದ್ದಿ ಮುಟ್ಟಿತು. ಟಿಕೆಟ್ ತೆಗೆಸದೆ ದೇವೀಂದ್ರಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ.

ನಮ್ಮ ಕಡೆ ಪ್ರವಾಸ, ಯಾತ್ರೆ ಎಂದು ಎರಡಿಲ್ಲ. ದೂರ ಹೋದರೆ ಅದು ಯಾತ್ರೆ. ನಡುವೆ ನೀರು ದಾಟಬೇಕಿದ್ದರೆ ಕಾಶಿಗಿಂತ ಒಂದು ಕೈ ಮೇಲು. ಹೊರಡುವ ವಾರ ದಿನಕ್ಕೊಂದು ಮನೆಯಲ್ಲಿ ಗಂಡ ಹೆಂಡತಿಗೆ ಊಟ. ಶೇಂಗಾ ಹೋಳಿಗೆ ಉಂಡು ಉಂಡು ದೇವೀಂದ್ರಪ್ಪನ ಅಂಗಿಯ ಗುಂಡಿ ಹತ್ತದಾಯಿತು. ಪಕ್ಕದ ಬೀದಿಯ ದರ್ಜಿ ಅಬ್ದುಲ್ ಗನಿ ಸಾಬರು, ದ್ವೀಪದಲ್ಲಿ ಹಾಕಿಕೊಳ್ಳಲೆಂದು ಹೂವಿನ ಚಿತ್ತಾರದ ಒಂದು ಅಂಗಿ, ಮೊಳಕಾಲುದ್ದದ ಒಂದು ಚಡ್ಡಿ ಹೊಲಿದು ಕೊಟ್ಟರು. ಹೊರಡುವ ದಿನ ಹೆಂಗಸರೆಲ್ಲ ಸೇರಿ ಸುಜಾತಾಳ ಉಡಿ ತುಂಬಿದರು. ಅಕ್ಕಿ, ಉತ್ತತ್ತಿ, ಅರಿಶಿನದ ಕೊಂಬು, ಒಣ ಕೊಬ್ಬರಿ ಬಟ್ಟಲು. ಒಬ್ಬರ ಮನೆಯವರು ಒಂದು ಬಟ್ಟಲು ಹಾಕಿದರೆ ಇನ್ನೊಬ್ಬರು ಎರಡು ಹಾಕಬೇಕು, ಇಲ್ಲದಿದ್ದರೆ ಮರ್ಯಾದೆ ಏನಾಗಬೇಕು? ಕಡೆಗೆ ಬಟ್ಟೆಯ ಚೀಲದಲ್ಲಿದ್ದ ಬಟ್ಟೆ ತೆಗೆದು ಕೊಬ್ಬರಿ ತುಂಬಬೇಕಾಯಿತು. ತನ್ನ ಮೊಬೈಲನ್ನು ಸುಜಾತಾ ಅತ್ತೆಯ ಕೈಗೆ ಕೊಟ್ಟಳು, ಫೋಟೋ ಕಳಿಸಿದರೆ ನೋಡಲಿ ಎಂದು. ಅಂಬುಬಾಯಿ ಮಗನ ತಲೆ ಸವರಿ, ನೀರಿಗೆ ಭಾಳ ಇಳೀಬ್ಯಾಡ ನನ್ನಪ್ಪಾ ಎಂದಳು. ಆ ಮಾತು ಹೇಳುವ ಅಗತ್ಯವೇ ಇರಲಿಲ್ಲ.

ಇಲ್ಲಿಂದ ಮುಂದಿನದು ಸುಜಾತಾ ಆಮೇಲೆ ನಮ್ಮ ಮನೆಯವಳ ಮುಂದೆ ಹೇಳಿ, ಅವಳು ನನ್ನ ಮುಂದೆ ಹೇಳಿದ್ದು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಇವರ ಚೀಲ ತೆಗೆಸಿದಳು. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತುವ ಪದಾರ್ಥ, ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಅಲ್ಲಿಯ ಬುಟ್ಟಿಗೆ ಹಾಕಿ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಉಡಿಯ ಕೊಬ್ಬರಿಯನ್ನು ಕಸದ ಬುಟ್ಟಿಗೆ ಹಾಕುವ ಮುತ್ತೈದೆ ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಸುಜಾತಾ ಕೊಂಚ ಯೋಚಿಸಿ, ಹಾಗಿದ್ದರೆ ನಿನ್ನ ಉಡಿಯೇ ತುಂಬುತ್ತೇನೆ ತಗೋ ತಂಗಿ ಎಂದು ಬಟ್ಟಲು ಹಿಡಿದು ಮುಂದೆ ಹೋದಳು. ಆ ಹುಡುಗಿ ಸರಕಾರದ ಸಮವಸ್ತ್ರದಲ್ಲಿದ್ದಳು, ಪಾಪ, ಸೆರಗು ಎಲ್ಲಿಂದ ತರಬೇಕು? ಬೇಡ ಎಂದಳು.

ಆಗ ದೇವೀಂದ್ರಪ್ಪನಿಗೆ ಬುದ್ಧಿ ಓಡಿತು. ಚೀಲದಲ್ಲಿ ಒಯ್ಯಬಾರದು ಅಂದರು, ಹೊಟ್ಟೆಯಲ್ಲಿ ಒಯ್ಯಬಾರದು ಅಂದಿಲ್ಲ. ಇಬ್ಬರೂ ಪಕ್ಕದ ಬೆಂಚಿನ ಮೇಲೆ ಕೂತು ಕೊಬ್ಬರಿ ತಿನ್ನತೊಡಗಿದರು. ಸುಜಾತಾಗೆ ನಾಲ್ಕನೇ ಬಟ್ಟಲಿಗೆ ದವಡೆ ಸೋತಿತು. ದೇವೀಂದ್ರಪ್ಪ ಮಾತ್ರ ಕಟಕಟ ಎಂದು ಕಡಿಯುತ್ತಲೇ ಇದ್ದ. ಧ್ವನಿವರ್ಧಕದಲ್ಲಿ ಇವರ ಹೆಸರು ಕೂಗಿದರು. ಎದ್ದು ಓಡಬೇಕಾದವನು ಬಿಕ್ಕಳಿಕೆ ಹತ್ತಿ ನೀರು ಹುಡುಕಲು ಹೋದ. ಬರುವಷ್ಟರಲ್ಲಿ ಬಾಗಿಲು ಮುಚ್ಚಿತು, ವಿಮಾನ ಹಾರಿತು. ಗಂಡನ ಮುಖದಲ್ಲಿ ಆಗ ಕಂಡದ್ದು ದುಃಖವೋ ನೆಮ್ಮದಿಯೋ ತನಗೆ ಇವತ್ತಿಗೂ ಗೊತ್ತಾಗಿಲ್ಲ ಎನ್ನುತ್ತಾಳೆ ಸುಜಾತಾ. ನನಗೆ ಗೊತ್ತು.

ಆದರೆ ವಾಡಿಗೆ ಮರಳುವುದು ಹೇಗೆ? ಹಾರ ಹಾಕಿಸಿಕೊಂಡು, ಏಳು ಮನೆಯ ಹೋಳಿಗೆ ಉಂಡು, ಕೊಬ್ಬರಿಯಿಂದಾಗಿ ವಿಮಾನ ತಪ್ಪಿತು ಎಂದು ಹೇಳಿದರೆ ರಮೇಶಕುಮಾರ ಬದುಕಲು ಬಿಡುತ್ತಾನೆಯೇ? ದೇವೀಂದ್ರಪ್ಪ ಬೆಂಚಿನ ಮೇಲೆ ಬೆವರುತ್ತ ಕೂತ. ಕಡೆಗೆ ಸುಜಾತಾಳ ಚಿಕ್ಕಮ್ಮ ದಾನಮ್ಮನ ನೆನಪಾಯಿತು. ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ಅವಳ ಹೊಲಮನೆ. ಅಳಿಯನ ಮನೆಗೆ ಫೋನು ಮಾಡಿದರೆ ಏನೋ ಕೇಳಲು ಮಾಡಿದಳು ಅಂದಾರು ಎಂಬ ಸಂಕೋಚಕ್ಕೆ ವಾಡಿಯವರ ಜೊತೆ ಮಾತೇ ಆಡದ ಹೆಂಗಸು. ಹೈದರಾಬಾದಿನಿಂದ ತಾಂಡೂರಿಗೆ ರೈಲು, ಅಲ್ಲಿಂದ ಬಸ್ಸು. ಸಂಜೆಗೆ ಇಬ್ಬರೂ ಐನಾಪುರದಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದರು. ಉಳಿದ ಕೊಬ್ಬರಿ ದಾನಮ್ಮನ ಡಬ್ಬಿ ಸೇರಿತು.

ಪ್ರವಾಸದ ಕಂಪನಿಯವರು ದಿನಕ್ಕೊಂದು ಕಾರ್ಯಕ್ರಮ ಬರೆದುಕೊಟ್ಟಿದ್ದರು. ಮೊದಲ ದಿನ ಕಡಲ ತೀರ, ಎರಡನೆಯ ದಿನ ಉದ್ಯಾನ, ಮೂರನೆಯ ದಿನ ಕಾಡಿನ ನಡಿಗೆ. ದೇವೀಂದ್ರಪ್ಪ ಶಿಸ್ತಿನ ಮನುಷ್ಯ. ದ್ವೀಪ ತಪ್ಪಿದರೂ ಕಾರ್ಯಕ್ರಮ ತಪ್ಪಬಾರದೆಂದ. ಚಂದ್ರಂಪಳ್ಳಿ ಜಲಾಶಯದ ದಂಡೆಯೇ ಕಡಲ ತೀರವಾಯಿತು. ಗನಿ ಸಾಬರ ಹೂವಿನ ಅಂಗಿ, ಚಡ್ಡಿ, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಆಚೆ ದಂಡೆ ಕಾಣಬಾರದು ಎಂದು ಸುಜಾತಾಳನ್ನು ನೆಲದ ಮೇಲೆ ಮಲಗಿಸಿ ಫೋಟೋ ತೆಗೆಸಿಕೊಂಡ. ಚಡ್ಡಿ, ಟೋಪಿ ಹಾಕಿಕೊಂಡು ನೀರಿನ ಅಂಚಿನಲ್ಲಿ ಅತ್ತಿತ್ತ ನೋಡುವವನು ಸರ್ವೆ ಸಾಹೇಬನಲ್ಲದೆ ಇನ್ಯಾರು? ಊರಿನ ಮೂವರು ಓಡಿಬಂದು, ನಮ್ಮ ಹೊಲ ನೀರಾಗ ಹೋಗ್ತದೇನ್ರಿ ಸಾಹೇಬ್ರ ಎಂದು ಕೈಮುಗಿದು ಕೇಳಿದರು. ಹೋಗುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆಯೇ ಬಿಟ್ಟರು.

ಫೋಟೋ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿತು. ನೀಲಿ ನೀರು, ಹೂವಿನ ಅಂಗಿ, ಎಲ್ಲ ಸರಿ, ಮೂಲೆಯಲ್ಲೊಂದು ಎಮ್ಮೆ. ಅಂಡಮಾನದಾಗೂ ನಮ್ಮಂಥಾ ಎಮ್ಮಿ ಅದಾವೇನು ಎಂದು ರಮೇಶಕುಮಾರ ಕೇಳಿದ. ಇಲ್ಲಿಯ ಎಮ್ಮೆಗಳು ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜಿಕೊಂಡು ಹೋಗಿ ಮೇಯುತ್ತವೆ ಎಂದು ಉತ್ತರ ಬಂತು. ರಮೇಶಕುಮಾರ ತೆಪ್ಪಗಾದ. ಗೋವಾದಲ್ಲಿ ಅಂಥದ್ದೇನನ್ನೂ ಅವನು ನೋಡಿರಲಿಲ್ಲ.

ಉದ್ಯಾನಕ್ಕೆ ಅರಣ್ಯ ಇಲಾಖೆಯ ಸಸಿಮಡಿ ಸಿಕ್ಕಿತು. ಮೊಳದುದ್ದದ ಸಸಿಗಳ ನಡುವೆ ಇಬ್ಬರೂ ಕುಕ್ಕರಗಾಲಲ್ಲಿ ಕೂತು, ಬರೀ ಮುಖ ಕಾಣುವಂತೆ ಫೋಟೋ ತೆಗೆದುಕೊಂಡರು. ವಾಡಿಯ ಕಣ್ಣಿಗೆ ಅವು ಹೆಮ್ಮರವಾಗಿ ಕಂಡವು. ಮರುದಿನ ಎತ್ತಿಪೋತ ಜಲಪಾತದ ಕಾಡುದಾರಿ. ದೇವೀಂದ್ರಪ್ಪ ಕೋಲು ಹಿಡಿದು, ತೋಳ ಬಂದರೆ ಎಂಬ ಅಂಜಿಕೆಗೆ ಹೆಂಡತಿಯನ್ನು ಮುಂದೆ ಬಿಟ್ಟು ನಡೆದ. ಸುಜಾತಾಗೆ ಸಿಟ್ಟು ಇಳಿದು ನಗೆ ಬರತೊಡಗಿತ್ತು. ಜಲಪಾತದ ಮುಂದೆ ನಿಂತು, ಸಮುದ್ರ ಇದಕ್ಕಿಂತ ದೊಡ್ಡದಿರುತ್ತದಲ್ಲ ಎಂದು ಗಂಡನನ್ನು ಕೇಳಿದಳಂತೆ. ಇವನು ಹೌದು ಎಂದು ನೆಲ ನೋಡಿದನಂತೆ.

ಕಾಡಿನಿಂದ ಬಂದವನಿಗೆ ಹುರುಪು ಹೆಚ್ಚಾಗಿ, ಅಲೆಯಲ್ಲಿ ನಿಂತಂಥ ಒಂದು ಫೋಟೋ ಬೇಕೆನಿಸಿತು. ಜಲಾಶಯದಲ್ಲಿ ಮೊಳಕಾಲತನಕ ಇಳಿದು, ಮೊಬೈಲನ್ನು ತಾನೇ ಎತ್ತಿ ಹಿಡಿದ. ಹಿಂದಿನಿಂದ ಅದೇ ಎಮ್ಮೆ ಮೂಗಿನಿಂದ ಬುಸ್ ಎಂದಿತು. ದೇವೀಂದ್ರಪ್ಪ ಹಾರಿ ದಂಡೆಗೆ ಬಿದ್ದ, ಮೊಬೈಲು ಚಂದ್ರಂಪಳ್ಳಿಯ ತಳ ಸೇರಿತು. ಹೋದರೆ ಹೋಗಲಿ, ದ್ವೀಪದಲ್ಲಿ ನೆಟ್‌ವರ್ಕ್ ಇರುವುದಿಲ್ಲವೆಂದು ವಾಡಿಯವರೇ ತಿಳಿದುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡ.

ಅದೇ ಸಂಜೆ ಅಂಡಮಾನಿಗೆ ಬಿರುಗಾಳಿ ಬಡಿಯಿತು.

ಟೀವಿಯಲ್ಲಿ ಮರಗಳು ನೆಲಕ್ಕೆ ಬಾಗಿದವು, ದೋಣಿಗಳು ದಂಡೆಗೆ ಬಂದು ಬಿದ್ದವು, ಫೋನುಗಳೆಲ್ಲ ಬಂದ್ ಎಂದರು. ನಾವು ದೇವೀಂದ್ರಪ್ಪನಿಗೆ ಫೋನು ಹಚ್ಚಿದೆವು. ಇಲ್ಲ. ಮತ್ತೆ ಹಚ್ಚಿದೆವು. ಇಲ್ಲ. ಅಂಬುಬಾಯಿ ಸೊಸೆಯ ಮೊಬೈಲನ್ನು ಎದೆಗೆ ಒತ್ತಿಕೊಂಡು ಮಂಚದ ಮೇಲೆ ಕೂತವಳು, ಮಗ ಬಂದು ತನ್ನ ಕೈಯಾರೆ ನೀರು ಕುಡಿಸುವತನಕ ಒಂದು ಹನಿ ಮುಟ್ಟುವುದಿಲ್ಲ ಎಂದಳು. ನಾವು ಬಾಯಿಮಾತು ಅಂದುಕೊಂಡೆವು. ಮರುದಿನ ಬೆಳಗ್ಗೆ ಅವಳ ತುಟಿ ಒಡೆದಿತ್ತು. ಹಿರಿಯ ಮಗನ ಚಿಂತೆಯ ಜೊತೆಗೆ ಮನೆಯವರಿಗೆ ತಾಯಿಯ ಚಿಂತೆಯೂ ಹತ್ತಿತು.

ದೇವೀಂದ್ರಪ್ಪನ ತಮ್ಮ ಅಂಬರೇಶ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರ ಬಿಟ್ಟು ಓಡಿಬಂದ. ಅವನು, ರಮೇಶಕುಮಾರ, ಗನಿ ಸಾಬರು, ನಾನು ಚಿತ್ತಾಪುರದ ತಹಸೀಲ್ ಕಚೇರಿಗೆ ಹೋದೆವು. ಅಲ್ಲಿಯ ಶಿರಸ್ತೇದಾರರು ಸಮುದ್ರದ ಕೇಸು ತಮ್ಮ ಸರ್ವಿಸಿನಲ್ಲೇ ಮೊದಲನೆಯದು ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಸಮುದ್ರದ ಫೋಟೋ ಇದ್ದರೆ ತೋರಿಸಿ ಎಂದರು. ನೋಡಿದರು. ದೊಡ್ಡದು ಮಾಡಿ ನೋಡಿದರು. ಇದು ಎಮ್ಮೆಯಲ್ಲವೇ ಎಂದರು.

"ಹೌದ್ರಿ ಸಾಹೇಬ್ರ. ಬಿರುಗಾಳಿ ಬರೋದು ಅವಕ್ಕ ಮೊದಲ ತಿಳೀತದ. ನೋಡ್ರಿ, ಹೆಂಗ ದಂಡಿಗೆ ಬರಾಕತ್ತದ" ಎಂದ ರಮೇಶಕುಮಾರ. ಸಮುದ್ರ ಕಂಡವನು ನಮ್ಮಲ್ಲಿ ಅವನೊಬ್ಬನೇ, ಯಾರೂ ಎದುರಾಡಲಿಲ್ಲ.

ಸಂಪರ್ಕಕ್ಕೆಂದು ಸುಜಾತಾಳ ನಂಬರು ಬರೆದು ಫೋಟೋ ಕಲಬುರಗಿಗೆ ಹೋಯಿತು, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಹೇಗೋ ಅಂಡಮಾನಿಗೆ. ಈ ದಂಡೆ ಯಾವುದೆಂದು ಗುರುತಿಸಿ ಎಂದು ಕೇಳಿದ್ದರು. ಇಂಥ ದಂಡೆ ನಮ್ಮ ದ್ವೀಪದಲ್ಲಿ ಎಲ್ಲಿಯೂ ಇಲ್ಲ ಎಂದು ಉತ್ತರ ಬಂತು. ಶಿರಸ್ತೇದಾರರು ಅದನ್ನು ಓದಿ ಕನ್ನಡಕ ತೆಗೆದರು. ಮೊನ್ನೆ ಇದ್ದ ದಂಡೆ ಇವತ್ತು ಇಲ್ಲವೆಂದರೆ ಏನರ್ಥ? ದಂಡೆಗೆ ದಂಡೆಯೇ ಕೊಚ್ಚಿಹೋಗಿದೆ. ಅಂಬರೇಶ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತ. ಗನಿ ಸಾಬರು ಅಲ್ಲಿಂದಲೇ ಬರಿಗಾಲಲ್ಲಿ ದರ್ಗಾಕ್ಕೆ ನಡೆದರು. ಕ್ವಾರ್ಟರ್ಸಿನ ಹೆಂಗಸರು ಒಬ್ಬೊಬ್ಬರು ಒಂದೊಂದು ದೇವರಿಗೆ ಹರಕೆ ಹೊತ್ತರು. ನಾನು ಸ್ಟೇಷನ್ ಹನುಮಪ್ಪನ ಸುತ್ತ ಕಾಲು ಬಾತುಕೊಳ್ಳುವಷ್ಟು ಪ್ರದಕ್ಷಿಣೆ ಹಾಕಿದೆ. ನನ್ನ ಮಂಡಿಗೆ ಅದು ಸುಲಭದ ಕೆಲಸವಲ್ಲ.

ಸಂಜೆಗೆ ಟೀವಿಯವರು ಬಂದು ಅಂಬುಬಾಯಿಯ ಮುಖಕ್ಕೆ ಮೈಕು ಹಿಡಿದರು. ಮುದುಕಿಯ ದನಿ ಏಳುತ್ತಿರಲಿಲ್ಲ.

"ಅಂವ ನೀರಿಗೆ ಅಂಜೋ ಹುಡುಗ್ರಿ. ಸಣ್ಣಾಂವಿದ್ದಾಗ ಹೊಳಿ ಕಂಡ್ರ ನನ್ನ ಸೀರಿ ಹಿಡೀತಿದ್ದ. ಅಂಥಾವನ್ನ ನಾ ಯಾಕ ಕಳಿಸ್ದೆ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ಅದೇ ಹೊತ್ತಿಗೆ ಐನಾಪುರದಲ್ಲಿ ದಾನಮ್ಮ ನೆರೆಮನೆಯ ಟೀವಿ ನೋಡಲು ಹೋದವಳು ಎದ್ದುಬಿದ್ದು ಓಡಿಬಂದು, ಟೀವಿಯಲ್ಲಿ ನಿಮ್ಮತ್ತೆ ಬಂದಿದ್ದಾಳೆ ಎಂದು ಸುಜಾತಾಳನ್ನು ಕರೆದಳು. ದೇವೀಂದ್ರಪ್ಪನೂ ಊಟದ ತಾಟು ಬಿಟ್ಟು ಅವರ ಹಿಂದೆ ನೆರೆಮನೆಗೆ ಓಡಿದ. ಪರದೆಯ ಮೇಲೆ ತನ್ನದೇ ಹೂವಿನ ಅಂಗಿ, ಕೆಳಗೆ ಕಾಣೆಯಾದ ಪ್ರವಾಸಿ ಎಂಬ ಸಾಲು, ಆಮೇಲೆ ಅವ್ವನ ಒಡೆದ ತುಟಿ. ಆ ಮನೆಯವರ ಫೋನು ಕಸಿದುಕೊಂಡ. ಸುಜಾತಾಳ ನಂಬರಿಗೆ ಹಚ್ಚಿದ. ಎತ್ತಿದ್ದು ರಮೇಶಕುಮಾರ.

"ರಮೇಶಣ್ಣಾ, ನಾ ದೇವೀಂದ್ರಪ್ಪ ಮಾತಾಡಾಕತ್ತೀನಿ. ಅವ್ವಗ ಫೋನ್ ಕೊಡ್ರಿ."

"ಬೆಳಗಿಂದ ಭಾಳ ಮಂದಿ ದೇವೀಂದ್ರಪ್ಪಗೋಳು ಫೋನ್ ಮಾಡ್ಯಾರ. ಒಬ್ಬಾಂವ ಬ್ಯಾಂಕಿನ ನಂಬರ್ ಕೇಳ್ಯಾನ, ಒಬ್ಬಾಂವ ಹಡಗಿನ ಚಾರ್ಜ್ ಕೇಳ್ಯಾನ. ನೀ ಎಲ್ಲಿಂದ ಮಾತಾಡಾಕತ್ತಿ, ಅದನ್ನ ಹೇಳು ಮೊದಲ."

ಐನಾಪುರ ಎಂಬ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕೇಳುತ್ತಿದ್ದವನು ರಮೇಶಕುಮಾರ.

"ಅಂಡಮಾನದಿಂದ" ಎಂದ.

"ಅಲ್ಲಿ ಫೋನ್ ಎಲ್ಲಾ ಬಂದ್ ಅದಾವಂತ ಟೀವ್ಯಾಗ ಹೇಳಾಕತ್ತಾರ. ಕಳ್ಳ ನನ್ನ ಮಗನ, ಇಲ್ಲಿ ಮುದುಕಿ ಸಾಯಾಕತ್ತಾಳ, ನಿನಗ ಆಟ ಆಗ್ಯದ?" ಎಂದು ರಮೇಶಕುಮಾರ ಫೋನು ಕಡಿದ. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಗಂಡ ಹೆಂಡತಿ ಚಿಂಚೋಳಿಯಿಂದ ಸೇಡಮಿಗೆ ಬಂದು ವಾಡಿಯ ರೈಲು ಹತ್ತಿದರು. ದಾರಿಗೆಂದು ದಾನಮ್ಮ ತನ್ನ ಬಾವಿಯ ನೀರು ತುಂಬಿದ ಒಂದು ಬಾಟ್ಲಿ ಕೊಟ್ಟಿದ್ದಳು. ರೈಲಿನಲ್ಲಿ ದೇವೀಂದ್ರಪ್ಪನಿಗೆ ಒಂದೇ ಸಮನೆ ಬೆವರು. ಅವ್ವ ಬದುಕಿದ್ದಾಳೋ ಇಲ್ಲವೋ ಎಂದು ಒಂದು ಗಳಿಗೆ, ಬದುಕಿದ್ದರೆ ಏನು ಹೇಳಲಿ ಎಂದು ಇನ್ನೊಂದು ಗಳಿಗೆ. ರೈಲು ಹೈದರಾಬಾದಿನ ಕಡೆಯಿಂದಲೇ ಬರುವುದರಿಂದ ವಿಮಾನದಿಂದ ಇಳಿದು ಬಂದೆ ಎನ್ನಬಹುದು. ಆದರೆ ಬಿರುಗಾಳಿಯಿಂದ ಬದುಕಿದ್ದು ಹೇಗೆ, ಹಡಗಿನಲ್ಲೋ ಹೆಲಿಕಾಪ್ಟರಿನಲ್ಲೋ ಎಂದು ಹೆಂಡತಿಯನ್ನೇ ಕೇಳಿದ. ಸುಜಾತಾ ಕಿಟಕಿಯ ಆಚೆ ನೋಡುತ್ತಲೇ, "ಮೊದಲ ಅತ್ತಿಗೆ ನೀರು ಕುಡಿಸ್ರಿ, ಆಮ್ಯಾಗ ಬೇಕಾದ ಹಡಗು ಏರ್ರಿ" ಎಂದಳು.

ರೈಲಿನ ಅದೇ ಡಬ್ಬಿಯಲ್ಲಿ ನಮ್ಮ ಪಾರ್ಸಲ್ ಆಫೀಸಿನ ಹಮಾಲ ಬಂದೇನವಾಜ್ ಇದ್ದ. ಇವನನ್ನು ಕಂಡು ಮೊದಲು ದೆವ್ವವೆಂದು ಹಿಂದೆ ಸರಿದ, ಆಮೇಲೆ ಮುಟ್ಟಿ ನೋಡಿದ, ಆಮೇಲೆ ವಾಡಿಗೆ ಫೋನು ಮಾಡಿದ. ರೈಲು ಚಿತ್ತಾಪುರಕ್ಕೆ ಬರುವಷ್ಟರಲ್ಲಿ ಶಿರಸ್ತೇದಾರರು ಹಾರ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಹಾರ ಹೇಗೆ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತದೆಂದು ಎರಡು ಸಲ ಹಾಕಿ ತೆಗೆದರು, ತಾವೂ ಗಾಡಿ ಹತ್ತಿದರು. ಹೇಗೆ ಪಾರಾದಿರಿ ಎಂದು ಕೇಳಿದವರಿಗೆಲ್ಲ ದೇವೀಂದ್ರಪ್ಪ ಬಾಯಿ ತೆರೆಯುತ್ತಿದ್ದ, ಮಾತು ಹೊರಡುತ್ತಿರಲಿಲ್ಲ. ಪಾಪ, ಕಣ್ಣೆದುರು ಏನೇನು ನೋಡಿದ್ದಾನೋ ಎಂದು ಜನ ತಾವೇ ಹೇಳಿಕೊಂಡರು. ಸುಳ್ಳು ಹೇಳುವ ಕಷ್ಟವೂ ಅವನಿಗೆ ಬರಲಿಲ್ಲ. ವಾಡಿಯಲ್ಲಿ ಅವನನ್ನು ನೆಲಕ್ಕೆ ಕಾಲು ತಾಗಿಸದೆ ಮನೆಗೆ ಹೊತ್ತು ತಂದೆವು. ಹೊತ್ತವರಲ್ಲಿ ನಾನೂ ಒಬ್ಬ. ಹೋಳಿಗೆಯ ತೂಕ ಇನ್ನೂ ಇಳಿದಿರಲಿಲ್ಲ.

ಅಂಬುಬಾಯಿ ಮಂಚದ ಮೇಲೆ ಒಣಗಿದ ಸೊಪ್ಪಿನ ಹಾಗೆ ಬಿದ್ದಿದ್ದಳು. ಪಕ್ಕದಲ್ಲಿ ಡಾಕ್ಟರು ಸಲೈನ್ ಹಿಡಿದು ನಿಂತಿದ್ದರು, ಅದನ್ನೂ ಅವಳು ಒಲ್ಲೆನೆಂದಿದ್ದಳು. ಇನ್ನು ತಡವಾದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಬೆಳಗ್ಗೆಯೇ ಹೇಳಿದ್ದರು. ಮಗನ ದನಿ ಕೇಳಿ ಕಣ್ಣು ತೆರೆದಳು. ಅವನ ಮುಖ, ಕಿವಿ, ಕೈ ಎಲ್ಲ ಸವರಿದಳು. ಅಷ್ಟರಲ್ಲಿ ರಮೇಶಕುಮಾರ ಸುಜಾತಾಳ ಕೈಯಲ್ಲಿದ್ದ ಬಾಟ್ಲಿ ಎತ್ತಿ ಹಿಡಿದು, ಸಮುದ್ರದ ತೀರ್ಥ ತಂದಾರ ನೋಡ್ರಿ ಎಂದುಬಿಟ್ಟ. ಹೆಂಗಸರೆಲ್ಲ ಸೆರಗು ಹೊದ್ದು ಕೈ ಮುಂದೆ ಚಾಚಿದರು.

"ಗಂಗಮ್ಮಗ ಹರಕಿ ಹೊತ್ತೀನಪ್ಪಾ" ಎಂದಳು ಅಂಬುಬಾಯಿ, ಒಂದೊಂದೇ ಮಾತು ಎಳೆದು. "ನನ್ನ ಮಗನ್ನ ತಿರುಗಿ ಕೊಟ್ರ, ಅದೇ ಸಮುದ್ರದ ನೀರಿಲೆ ಉಪಾಸ ಬಿಡ್ತೀನಿ ಅಂತ. ಹಾಕು ಬಾಯಾಗ."

ಕಣ್ಣು ಮುಚ್ಚಿ ಕೈ ಮುಗಿದಳು.

ನಾನು ಎದುರಿಗೇ ನಿಂತಿದ್ದೆ. ಬಾಟ್ಲಿ ಬಾಗಿಸಿದರೆ ಸಾಕು. ಒಂದು ಮಾತೂ ಆಡುವ ಅಗತ್ಯವಿರಲಿಲ್ಲ. ಅವ್ವ ಬದುಕುತ್ತಿದ್ದಳು, ಮಾನ ಉಳಿಯುತ್ತಿತ್ತು. ಡಾಕ್ಟರು ಬೇಗ ಬೇಗ ಎಂದು ಸನ್ನೆ ಮಾಡುತ್ತಿದ್ದರು. ದೇವೀಂದ್ರಪ್ಪ ಬಾಟ್ಲಿಯನ್ನು ಅವ್ವನ ತುಟಿಯತನಕ ಒಯ್ದ, ಅಲ್ಲೇ ನಿಂತ. ಬಾಟ್ಲಿ ಹಿಂದಕ್ಕೆ ತೆಗೆದ.

"ಅವ್ವಾ, ಇದು ಸಮುದ್ರದ ನೀರಲ್ಲ. ಐನಾಪುರದ ಬಾವಿ ನೀರು. ನಾ ಸಮುದ್ರಕ್ಕ ಹೋಗೇ ಇಲ್ಲ" ಎಂದ.

ಚಾಚಿದ ಕೈಗಳೆಲ್ಲ ಹಿಂದೆ ಸರಿದವು. ಆಮೇಲೆ ರಮೇಶಕುಮಾರ ಅವನ ಹೆಗಲ ಮೇಲೆ ಕೈ ಇಟ್ಟು, ಪಾಪ, ತಲೆಗೆ ಪೆಟ್ಟಾಗಿದೆ ಎಂದ. ಡಾಕ್ಟರು ಆಘಾತಕ್ಕೆ ಹೀಗಾಗುವುದುಂಟು ಎಂದು ಸೂಜಿ ಹುಡುಕಿದರು. ಶಿರಸ್ತೇದಾರರಂತೂ, ದ್ವೀಪದಿಂದ ಪಾರಾಗಿ ಬಂದಿದ್ದಾರೆಂದು ಕಲಬುರಗಿಗೆ ವರದಿ ಹೋಗಿದೆ, ಬರೆದದ್ದು ಬರೆದದ್ದೇ ಎಂದರು. ದೇವೀಂದ್ರಪ್ಪ ಗಾಬರಿಯಾಗಿ ಎಲ್ಲವನ್ನೂ ಹೇಳತೊಡಗಿದ. ಕೊಬ್ಬರಿ ತಿಂದದ್ದು, ಸಸಿಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತದ್ದು, ಎಮ್ಮೆ ಬುಸ್ ಎಂದದ್ದು. ಹೇಳಿದಷ್ಟೂ ಹುಚ್ಚು ಖಾತ್ರಿಯಾಗುತ್ತ ಹೋಯಿತು. ಸೂಜಿ ಚುಚ್ಚಲೆಂದು ಇಬ್ಬರು ಅವನ ಕಾಲು ಒತ್ತಿ ಹಿಡಿದರು. ಇದೆಲ್ಲ ಖರೇ ಅದರೀ ಎಂದು ಸುಜಾತಾ ಮುಂದೆ ಬಂದಳು. ಅವಳಿಗೂ ತಗುಲಿದೆ ಎಂದು ನಮ್ಮ ಮನೆಯವಳು ಅವಳನ್ನು ಹಿಡಿದುಕೊಂಡಳು.

ಅಂಬುಬಾಯಿ ಕೈ ಚಾಚಿ ಮಗನ ಕೈಯಿಂದ ಬಾಟ್ಲಿ ಎಳೆದುಕೊಂಡು ಒಂದು ಹನಿ ನಾಲಿಗೆಗೆ ಹಾಕಿಕೊಂಡಳು.

"ಉಪ್ಪಿಲ್ಲ" ಎಂದಳು. "ಸೀ ನೀರು. ನನ್ನ ಮಗ ಖರೇ ಹೇಳಾಕತ್ತಾನ, ಬಿಡ್ರಿ ಅಂವನ್ನ."

ಕಾಲು ಹಿಡಿದವರು ಬಿಟ್ಟರು. ಅಂಬುಬಾಯಿ ಬಾಟ್ಲಿಯನ್ನು ಮಗನ ಕೈಗೆ ಕೊಟ್ಟು ಬಾಯಿ ತೆರೆದಳು. ಅವನು ಅಳುತ್ತ ಗುಟುಕು ಗುಟುಕಾಗಿ ಕುಡಿಸಿದ. ಡಾಕ್ಟರು ಬೆವರು ಒರೆಸಿಕೊಂಡು ಕೆಳಗೆ ಕೂತರು. ಮುದುಕಿ ಉಳಿದಳು.

ಮುದುಕಿ ಉಳಿದದ್ದು ಖಾತ್ರಿಯಾದ ಮೇಲೆ ಮಂದಿಗೆ ಸಿಟ್ಟು ಬಂತು. ಬರಬೇಕಾದದ್ದೇ. ನನಗೂ ಮಂಡಿ ನೋವು ಒಮ್ಮೆಲೇ ನೆನಪಾಯಿತು. ಒಬ್ಬಳು ಗುಡಿಯತನಕ ಅಡ್ಡಬೀಳುತ್ತ ಹೋಗಲು ತಾನು ಹೊತ್ತ ದೀಡ ನಮಸ್ಕಾರದ ಕತೆ ಏನು ಎಂದಳು, ಇನ್ನೊಬ್ಬಳು ಯಲ್ಲಮ್ಮನಿಗೆ ಏನು ಹೇಳಲಿ ಎಂದಳು. ಅಂಬರೇಶ ಅಣ್ಣನ ಮುಖ ನೋಡಲಿಲ್ಲ. ಎಲ್ಲರಿಗಿಂತ ಮೆತ್ತಗೆ ಮಾತಾಡಿದವರು ಗನಿ ಸಾಬರು. ಅವರ ಅಂಗಾಲಿನಲ್ಲಿ ಗುಳ್ಳೆ ಎದ್ದಿದ್ದವು.

"ದೇವೀಂದ್ರಪ್ಪ, ನಾ ಎಂದೂ ಸುಳ್ಳ ದುವಾ ಮಾಡಿಲ್ಲ. ಸಮುದ್ರದಾಗಿಂದ ಉಳಿಸಿ ಕಳಿಸು ಅಂತ ಕೇಳೀನಿ. ಈಗ ಹೋಗಿ ಏನ್ ಹೇಳ್ಲಿ?"

ದೇವೀಂದ್ರಪ್ಪ ಹಾರ ತೆಗೆದು ನೆಲಕ್ಕಿಟ್ಟು, ಗನಿ ಸಾಬರ ಕಾಲು ಹಿಡಿಯಲು ಬಾಗಿದ. ಆಗ ಮಂಚದಿಂದ ಅಂಬುಬಾಯಿಯ ದನಿ ಬಂತು. ಎರಡು ಗುಟುಕು ನೀರಿಗೆ ಎಂಥ ಶಕ್ತಿ ಬರುತ್ತದೆ ನೋಡಿ.

"ಮಂದಿ ಬೇಡಿಕೊಂಡದ್ದು, ನಾ ಗಂಗಮ್ಮಗ ಹೊತ್ತ ಹರಕಿ, ಯಾವುದೂ ಸುಳ್ಳ ಆಗಬಾರದು. ಎಲ್ಲಾರೂ ಏನ್ ಬೇಡ್ಯಾರ? ಸಮುದ್ರಕ್ಕ ಹೋಗಿ ತಿರುಗಿ ಬರ್ಲಿ ಅಂತ ಬೇಡ್ಯಾರ. ತಿರುಗಿ ಬರೋದು ಆಗ್ಯದ. ಹೋಗೋದು ಉಳದದ. ಹೋಗು."

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟು ಯೋಚಿಸಿದರೂ ಮಾತಿನಲ್ಲಿ ದೋಷ ಸಿಗಲಿಲ್ಲ. ಗನಿ ಸಾಬರು ಹೌದೆಂದು ತಲೆದೂಗಿದರು. ಶಿರಸ್ತೇದಾರರು, ಹಾಗಿದ್ದರೆ ವರದಿ ತಪ್ಪಲ್ಲ, ಕೊಂಚ ಮುಂಚಿತವಾಗಿ ಹೋಗಿದೆ ಅಷ್ಟೇ ಎಂದು ಸಮಾಧಾನದಿಂದ ನೀರು ಕೇಳಿ ಕುಡಿದರು. ಸುಜಾತಾ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಅಳುವೋ ನಗುವೋ ತಿಳಿಯಲಿಲ್ಲ.

ದೇವೀಂದ್ರಪ್ಪ ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಹೇಳದ್ದನ್ನು ಅವತ್ತು ಎಲ್ಲರ ಮುಂದೆ ಹೇಳಿದ.

"ಅವ್ವಾ, ನಂಗ ನೀರಂದ್ರ ಭಾಳ ಅಂಜಿಕಿ."

"ಗೊತ್ತದಪ್ಪಾ. ಅದಕ್ಕೇ ನಾನೂ ಬರ್ತೀನಿ" ಎಂದಳು ಅಂಬುಬಾಯಿ. "ಮಗ ಸುಳ್ಳ ಹೇಳ್ದ ಮ್ಯಾಲ ಅದನ್ನ ಖರೇ ಮಾಡೋದು ತಾಯಿದೇ ಕೆಲಸ."

ಹೇಳಿ ಅವನ ಮುಂಗೈ ಹಿಡಿದುಕೊಂಡಳು. ದೇವೀಂದ್ರಪ್ಪ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಇಡೀ ಕ್ವಾರ್ಟರ್ಸ್ ನಿಂತಿತ್ತು. ಅವ್ವ ಕೈ ಬಿಡಲಿಲ್ಲ.